ಯಲಹಂಕದ ಪೌರರ ಹಕ್ಕು

ಬೆಂಗಳೂರಿಗೆ ಯಲಹಂಕವು ತಾಯಿಯೂರು. 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳೆಂಬುದನ್ನು ವಾಚಕರು ಬಲ್ಲರು. ಇಂದು ಆ ತಾಯಿಯೂರೇ ಮಗಳ ಆಶ್ರಯದಲ್ಲಿರುವ ಉಪನಗರವೆನಿಸಿದೆ.

ಇದು ಕಡೆಗಣಿಸತಕ್ಕ ಊರಲ್ಲ. 1984ರಿಂದ ಇಲ್ಲಿಯ ಕಾರ್ಖಾನೆಯು ದೇಶದ ರೈಲುಗಳಿಗೆ ಗಾಲಿಗಳನ್ನೂ ಅಚ್ಚುಗಳನ್ನೂ ಒದಗಿಸುತ್ತಿದೆ. ಇಲ್ಲಿಯ ವಾಯುಪಡೆಯ ನೆಲೆಯಲ್ಲಿ ನಡೆಯುವ ವಿಮಾನ ಪ್ರದರ್ಶನವು 1996ರಿಂದ ಲೋಕಪ್ರಸಿದ್ಧವಾಗಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಮೇಲಂತೂ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಹೊಲತೋಟಗಳಿದ್ದೆಡೆ ಬಹುಮಹಡಿಯ ಮನೆಗಳೆದ್ದಿವೆ.

ಊರು ಬೆಳೆಯಿತು, ಊರವರ ಅಧಿಕಾರವು ಬೆಳೆಯಿತೇ? ಯಲಹಂಕಕ್ಕೆ ಹಿಂದೆ ತನ್ನದೇ ನಗರಸಭೆಯಿದ್ದಿತು. 2007ರಲ್ಲಿ ಅದನ್ನೂ ಇನ್ನಾರು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ ನೂರಕ್ಕೂ ಮಿಕ್ಕ ಹಳ್ಳಿಗಳನ್ನೂ ಬೆಂಗಳೂರು ಪಾಲಿಕೆಯಲ್ಲಿ ವಿಲೀನಗೊಳಿಸಲಾಯಿತು. ಕುಡಿಯುವ ನೀರು, ಒಳಚರಂಡಿ, ಹೆದ್ದಾರಿ ಮೊದಲಾದ ದೊಡ್ಡ ಕೆಲಸಗಳು ಸಣ್ಣ ನಗರಸಭೆಯ ಬೊಕ್ಕಸಕ್ಕೆ ಮೀರಿದವೆಂಬ ವಾದವನ್ನು ನಾವು ಅಲ್ಲಗಳೆಯೆವು. ಆದರೆ ವಿಸ್ತೃತ ಪಾಲಿಕೆಗೆ ಚುನಾವಣೆ ನಡೆದುದು 2010ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿಯು ಮುಗಿದಮೇಲೆ ಪೂರಾ ಐದು ವರ್ಷ ಆಡಳಿತವು ಅಧಿಕಾರಿಗಳ ಕೈಯಲ್ಲಿಯೇ ಉಳಿಯಿತು. ಒಮ್ಮೆ ವಾರ್ಡುಗಳ ಪುನರ್ವಿಂಗಡಣೆ, ಒಮ್ಮೆ ಮೀಸಲಾತಿಯ ಪಟ್ಟಿ, ಕಾರಣಗಳಿಗೆ ಬರವಿರಲಿಲ್ಲ.

ಈ ಅವಧಿಯಲ್ಲಿಯೇ, 2021ರ ನವೆಂಬರಿನಲ್ಲೊಮ್ಮೆ, 2024ರ ಅಕ್ಟೋಬರಿನಲ್ಲಿನ್ನೊಮ್ಮೆ, ಯಲಹಂಕದ ಕೆರೆಯ ನೀರು ಉಕ್ಕಿ ಕೇಂದ್ರೀಯ ವಿಹಾರದ ನಿವಾಸಿಗಳು ದೋಣಿಗಳಲ್ಲಿ ಹೊರಬರಬೇಕಾಯಿತು. ಮೊದಲನೆಯದು ಮಳೆಯ ಅಪರಾಧವೆನ್ನೋಣ. ಮೂರು ವರ್ಷಗಳಲ್ಲಿ ಅದೇ ಅಂಗಳಕ್ಕೆ ಎರಡನೆಯ ಸಲ ನೀರು ನುಗ್ಗಿದರೆ ಅಪರಾಧವು ಯಾರದು? ಹಾಗೆ ಕೇಳಿ ಉತ್ತರ ಪಡೆಯಲು ಪೌರರಿಗೆ ತಾವು ಆರಿಸಿದ ಪಾಲಿಕೆ ಸದಸ್ಯನೊಬ್ಬನೂ ಇರಲಿಲ್ಲ. ವರ್ಗವಾಗಿ ಹೋಗುವ ಅಧಿಕಾರಿಯು ಎಷ್ಟೇ ದಕ್ಷನಾದರೂ ಮತ ಬೇಡಿ ಬರುವವನ ಭಯಭಕ್ತಿ ಆತನಿಗಿರಲಾರದು.

2025ರ ಸೆಪ್ಟೆಂಬರಿನಲ್ಲಿ ಸರಕಾರದವರು ಒಂದು ಪಾಲಿಕೆಯನ್ನು ಐದಾಗಿಸಿದರು. ಯಲಹಂಕವು ಉತ್ತರ ಪಾಲಿಕೆಗೆ ಸೇರಿತು. ಕಛೇರಿಗಳು ಐದಾದ ಮಾತ್ರಕ್ಕೆ ಸ್ವರಾಜ್ಯವು ಮನೆಬಾಗಿಲಿಗೆ ಬಂದಂತಾಗದು. ಅವಧಿ ತೀರುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿಯು ವಿಧಿಸಿದೆ. ಅದನ್ನು ಇನ್ನೊಮ್ಮೆ ಮೀರದಿರುವುದು ಸರಕಾರದ ಧರ್ಮ. ವಾರ್ಡು ಸಮಿತಿಗಳಿಗೆ ಹಣವನ್ನೂ ಅಧಿಕಾರವನ್ನೂ ಕೊಡುವುದು ಪಾಲಿಕೆಯ ಧರ್ಮ. ಕಂದಾಯವನ್ನು ತಪ್ಪದೆ ತೆರುವ ಮಹಾಜನರು ಲೆಕ್ಕವನ್ನೂ ತಪ್ಪದೆ ಕೇಳಲಿ. ಬೆಂಗಳೂರನ್ನು ಹೆತ್ತ ಊರು ತನ್ನ ಕೆರೆಯ ತೂಬಿನ ಮಾತನ್ನು ತಾನೇ ಆಡಬಯಸಿದರೆ ಅದು ಅತ್ಯಾಶೆಯೆನಿಸದು.