ಸೋಮವಾರದ ಮೇಲಿನ ಅಪವಾದ

ಸೋಮವಾರ ಬಂದಿತೆಂದರೆ ಕೃಷ್ಣರಾಜಪುರದ ತೂಗುಸೇತುವೆಯ ಬಳಿ ವಾಹನಗಳ ನಡುವೆ ಸಿಕ್ಕಿದ ಉದ್ಯೋಗಸ್ಥರ ಮುಖಗಳು ಬಾಡಿರುತ್ತವೆ. ಅದೇ ದಿನ ಹಲಸೂರಿನ ಸೋಮೇಶ್ವರನ ಸನ್ನಿಧಿಗೆ ಬಿಲ್ವಪತ್ರೆ ಹಿಡಿದು ಬಂದವರಿಗೆ ವಾರದಲ್ಲಿ ಅದಕ್ಕಿಂತ ಶುಭದಿನವಿಲ್ಲ. ದೋಷವು ದಿನದ್ದಲ್ಲ, ಮುಗಿದುಹೋದ ಬಿಡುವಿನದು.

ಆ ಬಿಡುವಾದರೂ ಪಂಚಾಂಗದಿಂದ ಇಳಿದುಬಂದುದಲ್ಲ. ಮುಂಬಯಿಯ ಗಿರಣಿ ಕೆಲಸಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜೆಯನ್ನು ಪಡೆದರು.

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಭಾನುವಾರ ಕೈಚೀಲ ಹಿಡಿದು ಹೋಗುವುದು ನಮಗೆ ವಿಹಾರ. ತಕ್ಕಡಿ ಹಿಡಿದವನಿಗೆ ದುಡಿಮೆ. ಅಂಗಡಿಗಳ ನೌಕರರಿಗೆ ವಾರಕ್ಕೊಂದು ಪೂರ್ಣದಿನದ ರಜೆ ಸಲ್ಲಬೇಕೆಂದು ನಮ್ಮ ರಾಜ್ಯದ 1961ರ ಕಾಯಿದೆಯೇ ವಿಧಿಸಿದೆ. ಸೋಮವಾರವನ್ನು ಶಪಿಸುವ ಮಹನೀಯರು, ಆ ತಕ್ಕಡಿಯವನ ಭಾನುವಾರ ಯಾವ ವಾರದಂದು ಬರುತ್ತದೆಂದು ಒಮ್ಮೆಯಾದರೂ ವಿಚಾರಿಸಿರುವರೆ? ಕಾರ್ಮಿಕ ಇಲಾಖೆಯ ಅಧಿಕಾರಿಗಳಾದರೂ ವಿಚಾರಿಸಲಿ.