ತೆರಿಗೆಯ ಅಂಕಿ ಮತ್ತು ಉಳ್ಳವರ ಉದ್ಗಾರ



ಪ್ರತಿ ವರ್ಷ ಜುಲೈ ತಿಂಗಳು ಬಂತೆಂದರೆ ಉಳ್ಳವರ ಮನೆಗಳಲ್ಲಿ ಒಂದೇ ಉದ್ಗಾರ ಕೇಳಿಬರುತ್ತದೆ: "ಇಷ್ಟೊಂದು ತೆರಿಗೆ ಬರುತ್ತದೆಂದು ಅಂದುಕೊಂಡಿರಲೇ ಇಲ್ಲ!" ಲೆಕ್ಕಪರಿಶೋಧಕರು ಸಿದ್ಧಪಡಿಸಿದ ಹಾಳೆಯ ಕೊನೆಯ ಸಾಲಿನಲ್ಲಿ ಲಕ್ಷಗಳ ಅಂಕಿಯನ್ನು ಕಂಡೊಡನೆ ಮನೆಯ ಯಜಮಾನರು ಸರ್ಕಾರವನ್ನು ಹಳಿಯುತ್ತಾರೆ, ಮಕ್ಕಳು ಲೆಕ್ಕಪರಿಶೋಧಕರನ್ನು ಹಳಿಯುತ್ತಾರೆ. ತಮ್ಮ ಪಾಸ್‌ಬುಕ್ಕನ್ನು ತೆರೆದು ನೋಡುವವರು ವಿರಳ. ಈ ಉದ್ಗಾರದಲ್ಲಿ ನಿಜವೆಷ್ಟು, ನೆಪವೆಷ್ಟು ಎಂಬುದನ್ನು ಸದ್ಭಕ್ತರು ಶಾಂತಚಿತ್ತದಿಂದ ವಿಚಾರಿಸಬೇಕಾಗಿದೆ.

ಮೊದಲು ನೆಪದ ಭಾಗವನ್ನು ನೋಡೋಣ. ಶೇ. 30ರ ದರಕ್ಕೆ ಒಳಪಟ್ಟ ಒಬ್ಬ ಗೃಹಸ್ಥರಿಗೆ ಬ್ಯಾಂಕಿನ ಠೇವಣಿಗಳಿಂದ ವರ್ಷಕ್ಕೆ 8 ಲಕ್ಷ ರೂಪಾಯಿ ಬಡ್ಡಿ ಬರುತ್ತದೆಂದು ಭಾವಿಸೋಣ. ಬ್ಯಾಂಕು ಮೂಲದಲ್ಲಿ ಕಡಿತ ಮಾಡುವುದು ಶೇ. 10, ಅಂದರೆ 80,000 ರೂಪಾಯಿ. ಆದರೆ ಶೇ. 4ರ ಸೆಸ್ ಸೇರಿ ಆ ಬಡ್ಡಿಯ ಮೇಲೆ ಸಲ್ಲಬೇಕಾದದ್ದು 2,49,600 ರೂಪಾಯಿ. ಉಳಿದ 1,69,600 ರೂಪಾಯಿ ಎಲ್ಲಿಗೂ ಹೋಗಿರುವುದಿಲ್ಲ. ವರ್ಷವಿಡೀ ಅವರ ಖಾತೆಯಲ್ಲಿಯೇ ತಣ್ಣಗೆ ಕುಳಿತಿರುತ್ತದೆ. ಒಟ್ಟು ಆದಾಯ 50 ಲಕ್ಷ ದಾಟಿದ್ದರೆ ಶೇ. 10ರ ಸರ್ಚಾರ್ಜೂ ಸೇರುವುದರಿಂದ ಅಂತರ ಮತ್ತಷ್ಟು ಹಿಗ್ಗುತ್ತದೆ. ಕಡಿತವಾದುದನ್ನು ಕಳೆದು 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿಯುವುದಾದರೆ, ವ್ಯಾಪಾರ-ವೃತ್ತಿಗಳ ಆದಾಯವಿಲ್ಲದ ಹಿರಿಯ ನಾಗರಿಕರನ್ನು ಬಿಟ್ಟು ಉಳಿದವರು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳ 15ರೊಳಗೆ ನಾಲ್ಕು ಕಂತುಗಳಲ್ಲಿ ಮುಂಗಡ ತೆರಿಗೆ ತುಂಬಬೇಕೆಂಬ ನಿಯಮ ಬಹುಕಾಲದಿಂದಲೂ ಇದೆ. ತುಂಬದಿದ್ದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ. ಬಾಡಿಗೆ ಮನೆಯ ಮುಂಗಡ ಹಣವನ್ನು ಪೈಸೆ ಬಿಡದೆ ಎಣಿಸಿಕೊಳ್ಳುವ ಕೈಗಳಿಗೆ ಈ ಮುಂಗಡದ ಲೆಕ್ಕ ಮಾತ್ರ ತಿಳಿಯದೆ ಹೋಯಿತೆಂದರೆ ನಂಬುವುದು ಹೇಗೆ?

ಅಡಿಕೆ ತೋಟದ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ ಎಂಬ ಮಾತೂ ಇಂಥದೇ ಅರ್ಧಸತ್ಯ. ತೆರಿಗೆಯಿಲ್ಲದಿರುವುದು ನಿಜವೇ. ಆದರೆ ಅದರೊಡನೆ ಬಡ್ಡಿ, ಬಾಡಿಗೆ ಮುಂತಾದ ಅನ್ಯ ಆದಾಯವು ವಿನಾಯಿತಿಯ ಮಿತಿಯನ್ನು ದಾಟಿದ್ದರೆ, ಆ ಅನ್ಯ ಆದಾಯದ ದರವನ್ನು ಗೊತ್ತುಪಡಿಸಲು ಕೃಷಿ ಆದಾಯವನ್ನೂ ಕೂಡಿಸಿ ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಸಣ್ಣ ಬಾಡಿಗೆಗೆ ದೊಡ್ಡ ದರ ಬೀಳುತ್ತದೆ. ಇದನ್ನು ಅರಿಯದವರು ಮೋಸವೆಂದು ಕೂಗುತ್ತಾರೆ.

ಇನ್ನು ನಿಜದ ಭಾಗ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2019ರ ಜುಲೈ 5ರ ಮುಂಗಡಪತ್ರದಲ್ಲಿ 2 ಕೋಟಿಯಿಂದ 5 ಕೋಟಿಯವರೆಗಿನ ಆದಾಯಕ್ಕೆ ಶೇ. 25, ಅದಕ್ಕೂ ಮೇಲ್ಪಟ್ಟ ಆದಾಯಕ್ಕೆ ಶೇ. 37 ಸರ್ಚಾರ್ಜ್ ವಿಧಿಸಲಾಯಿತು. ಒಟ್ಟು ಭಾರ ಗರಿಷ್ಠ ಶೇ. 42.74ಕ್ಕೆ ಏರಿತು. ಅದು ಅನ್ವಯವಾದದ್ದು ಅದೇ ವರ್ಷದ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ. ಜೂನ್ 15ರ ಕಂತನ್ನು ಹಳೆಯ ದರದಲ್ಲಿ ನಿಷ್ಠೆಯಿಂದ ತುಂಬಿದವರು ಮತ್ತೆ ಲೆಕ್ಕ ಹಾಕಬೇಕಾಯಿತು. ಐದು ಕೋಟಿ ಗಳಿಸುವವರಿಗಾಗಿ ಕಣ್ಣೀರಿಡುವ ಅಗತ್ಯ ಯಾರಿಗೂ ಇಲ್ಲ. ಆದರೂ ರಾಶಿಯನ್ನು ಅಳೆಯುತ್ತಿರುವಾಗಲೇ ಕೊಳಗವನ್ನು ಬದಲಿಸುವುದು ದೊರೆಗೆ ಶೋಭಿಸುವ ಕೆಲಸವಲ್ಲ. 2023ರ ಮುಂಗಡಪತ್ರವು ಹೊಸ ಪದ್ಧತಿಯಲ್ಲಿ ಈ ಗರಿಷ್ಠ ಸರ್ಚಾರ್ಜನ್ನು ಶೇ. 25ಕ್ಕೆ ಇಳಿಸಿದಾಗ ಒಟ್ಟು ಭಾರ ಶೇ. 39ಕ್ಕೆ ಬಂದಿತು. ಹೆಚ್ಚಿದಾಗ ಎದ್ದ ಕೂಗಿನ ಹತ್ತರಲ್ಲೊಂದು ಪಾಲಿನ ಮೆಚ್ಚುಗೆಯೂ ಇಳಿದಾಗ ಕೇಳಿಬರಲಿಲ್ಲ ಎಂಬುದು ಬೇರೆ ಮಾತು.

2024ರ ಜುಲೈ 23ರಂದು ಆದದ್ದು ಇನ್ನೂ ಹತ್ತಿರದ ವಿಷಯ, ಏಕೆಂದರೆ ಅದು ಮಧ್ಯಮ ಸ್ಥಿತಿವಂತರ ನಿವೇಶನಗಳನ್ನು ತಟ್ಟಿತು. ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲೆಕ್ಕ ಹಾಕುವ ಸೌಲಭ್ಯವನ್ನು ತೆಗೆದು, ತೆರಿಗೆಯ ದರವನ್ನು ಶೇ. 20ರಿಂದ 12.5ಕ್ಕೆ ಇಳಿಸಲಾಯಿತು. ದರ ಇಳಿದರೆ ಲಾಭವಲ್ಲವೇ ಎಂದು ಕೇಳಬಹುದು. 2001-02ರಲ್ಲಿ 10 ಲಕ್ಷಕ್ಕೆ ಕೊಂಡ ನಿವೇಶನವನ್ನು 2024ರಲ್ಲಿ 60 ಲಕ್ಷಕ್ಕೆ ಮಾರಿದವರ ಲೆಕ್ಕ ನೋಡಿ. ಸೂಚ್ಯಂಕ 100ರಿಂದ 363ಕ್ಕೆ ಏರಿದ್ದರಿಂದ ಹಳೆಯ ರೀತಿಯಲ್ಲಿ ಕೊಂಡ ಬೆಲೆ 36.3 ಲಕ್ಷ, ಲಾಭ 23.7 ಲಕ್ಷ, ತೆರಿಗೆ 4.74 ಲಕ್ಷ. ಹೊಸ ರೀತಿಯಲ್ಲಿ ಲಾಭ 50 ಲಕ್ಷ, ತೆರಿಗೆ 6.25 ಲಕ್ಷ. ಒಂದೂವರೆ ಲಕ್ಷಕ್ಕೂ ಮೀರಿದ ಹೊರೆ ಒಂದೇ ಬೆಳಗಿನಲ್ಲಿ ಹುಟ್ಟಿಕೊಂಡಿತು. ಜನರು ಪ್ರಶ್ನಿಸಿದರು. ಆಗಸ್ಟ್ ತಿಂಗಳಲ್ಲಿಯೇ ತಿದ್ದುಪಡಿಯಾಗಿ, ಆ ದಿನಾಂಕಕ್ಕೆ ಮುಂಚೆ ಕೊಂಡ ಭೂಮಿ ಮತ್ತು ಕಟ್ಟಡಗಳಿಗೆ ಎರಡರಲ್ಲಿ ಕಡಿಮೆಯಾದುದನ್ನು ತೆರುವ ಅವಕಾಶ ದೊರೆಯಿತು. ಅದೂ ದೇಶದೊಳಗೆ ವಾಸಿಸುವ ವ್ಯಕ್ತಿಗಳಿಗೆ ಮತ್ತು ಅವಿಭಕ್ತ ಹಿಂದೂ ಕುಟುಂಬಗಳಿಗೆ ಮಾತ್ರ. ಅಮೆರಿಕದಲ್ಲಿ ನೆಲೆಸಿದ ಮಗಳು ಧಾರವಾಡದ ತೌರುಮನೆಯನ್ನು ಮಾರಿದರೆ ಆಕೆಗೆ ಈ ಆಯ್ಕೆಯಿಲ್ಲ. ದೂರುವುದಿದ್ದರೆ ಇದನ್ನು ದೂರಬೇಕು.

ಆದರೆ ಉಳ್ಳವರು ಮಾಡುವುದೇನು? ಈ ಒಂದೆರಡು ನಿಜವಾದ ಅನ್ಯಾಯಗಳನ್ನು ಗುರಾಣಿಯಾಗಿ ಹಿಡಿದು, ತಾವು ಅರಿತೂ ತುಂಬದೆ ಬಿಟ್ಟ ತೆರಿಗೆಯನ್ನೂ ಅದರ ಹಿಂದೆ ಅಡಗಿಸುತ್ತಾರೆ. "ಸರ್ಕಾರ ನ್ಯಾಯವಾಗಿ ನಡೆಯುವುದಿಲ್ಲ, ನಾವೇಕೆ ನಡೆಯಬೇಕು" ಎಂಬ ತರ್ಕದಿಂದ ಸುಳ್ಳು ಬಾಡಿಗೆ ರಸೀದಿ, ಇಲ್ಲದ ದೇಣಿಗೆ, ಇಲ್ಲದ ಸಾಲದ ಬಡ್ಡಿಗಳು ರಿಟರ್ನಿನಲ್ಲಿ ನುಸುಳುತ್ತವೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯು ಇಂತಹ ಸುಳ್ಳು ಕಡಿತಗಳ ಬಗ್ಗೆ ದೇಶದಾದ್ಯಂತ ಪರಿಶೀಲನೆ ಆರಂಭಿಸಿದಾಗ, ಅದಕ್ಕೂ ಹಿಂದಿನ ನಾಲ್ಕೇ ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು 1,045 ಕೋಟಿ ರೂಪಾಯಿಗಳ ಸುಳ್ಳು ಕೋರಿಕೆಗಳನ್ನು ತಾವಾಗಿಯೇ ಹಿಂತೆಗೆದುಕೊಂಡಿದ್ದರೆಂದು ತಿಳಿಸಿತು. ಇವರೆಲ್ಲರಿಗೂ ಬಂದ ತೆರಿಗೆ ಅನಿರೀಕ್ಷಿತವೇ? ಸಿಕ್ಕಿಬಿದ್ದದ್ದು ಮಾತ್ರ ಅನಿರೀಕ್ಷಿತ. ಇತ್ತ ಕೂಲಿಯಾಳು ಚಪ್ಪಲಿ ಕೊಂಡಾಗಲೂ ಮೊಬೈಲಿಗೆ ದುಡ್ಡು ಹಾಕಿಸಿದಾಗಲೂ 2017ರಿಂದ ಜಿಎಸ್‌ಟಿ ತೆರುತ್ತಲೇ ಇದ್ದಾನೆ. ಅವನಿಗೆ ಜುಲೈ ತಿಂಗಳಿಲ್ಲ, ರಿಫಂಡ್ ಇಲ್ಲ, ಉದ್ಗಾರವೂ ಇಲ್ಲ.

ತೆರಿಗೆಯೇ ದಾಸೋಹವೆಂದು ವ್ಯಾಖ್ಯಾನಿಸುವವರೂ ಉಂಟು. ಅದು ಸಲ್ಲದ ಮಾತು. ತೆರಿಗೆ ವಿಧಿಸಿದ್ದು, ದಾಸೋಹ ಒಲಿದದ್ದು. ಆದರೆ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸದೆ ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ಇಲ್ಲಿ ನೆನಪಾಗದಿರದು. ಆ ಮನೆಯಲ್ಲಿ ಯಾವುದು ತಮ್ಮದಲ್ಲ ಎಂಬುದರ ಲೆಕ್ಕ ಅಂದಂದೇ ಆಗುತ್ತಿತ್ತು, ವರ್ಷದ ಕೊನೆಯವರೆಗೆ ಕಾಯುತ್ತಿರಲಿಲ್ಲ.

ಮಠಗಳಿಗೆ ಸಲ್ಲುವ ಕಾಣಿಕೆಯ ವಿಷಯದಲ್ಲಿಯೂ ಈ ಗೊಂದಲವಿದೆ. 1961ರ ಕಾಯ್ದೆಯ 80ಜಿ ಕಲಮಿನಡಿ ಮಾನ್ಯತೆ ಪಡೆದ ದತ್ತಿಗಳಿಗೆ ಕೊಟ್ಟ ದೇಣಿಗೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟಕ್ಕೆ, ಅದೂ ಮಿತಿಗೊಳಪಟ್ಟು, ಕಡಿತ ದೊರೆಯುತ್ತಿತ್ತು. 2,000 ರೂಪಾಯಿ ಮೀರಿದ ನಗದಿಗೆ ಅದೂ ಇರಲಿಲ್ಲ. 2023-24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಯಿತು, ಅದರಲ್ಲಿ ಈ ಕಡಿತವಿಲ್ಲ. ಕಟ್ಟಡಕ್ಕೆಂದು ಐದು ಲಕ್ಷ ಕೊಟ್ಟವರು ರಸೀದಿಯನ್ನು ಲೆಕ್ಕಪರಿಶೋಧಕರ ಮುಂದಿಟ್ಟಾಗ ಪ್ರಯೋಜನವಿಲ್ಲವೆಂಬ ಉತ್ತರ ಕೇಳಿ ಮುನಿಸಿಕೊಳ್ಳುತ್ತಾರೆ. ಕೆಲವರ ಮುನಿಸು ಕೊಟ್ಟ ಹಣದ ಮೇಲೆಯೇ ತಿರುಗುತ್ತದೆ. ಇನ್ನು ಕೆಲವರು ಏಪ್ರಿಲ್ ಮೊದಲ ವಾರದಲ್ಲಿ ಹಣ ತಂದು ಮಾರ್ಚ್ ತಿಂಗಳ ದಿನಾಂಕದ ರಸೀದಿ ಬರೆದುಕೊಡಿರೆಂದು ಕಾರ್ಯಾಲಯದಲ್ಲಿ ಒತ್ತಾಯಿಸುತ್ತಾರೆ. 2021-22ರಿಂದ ದಾನಿಗಳ ಪ್ಯಾನ್ ಸಂಖ್ಯೆಯೊಡನೆ ಪ್ರತಿಯೊಂದು ದೇಣಿಗೆಯ ವಿವರವನ್ನೂ ಇಲಾಖೆಗೆ ಒಪ್ಪಿಸಬೇಕಾಗಿದೆ. ಹಣ ಬಂದ ದಿನವೇ ರಸೀದಿಯ ದಿನ. ಇದನ್ನು ಕೇಳಿ ಹಣವನ್ನು ಜೇಬಿಗೆ ಹಿಂದಿರುಗಿಸಿಕೊಂಡು ಹೋಗುವವರೂ ಇದ್ದಾರೆ.