ಪ್ರವಾಸದ ಬಸ್ಸು ಎಲ್ಲಿ ನಿಲ್ಲಬೇಕು?

ದೀಪಾವಳಿ ರಜೆ ಮುಗಿಯಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಶಾಲೆಗಳಲ್ಲಿ ಪ್ರವಾಸದ ಮಾತು ಶುರು. ದೂರ ಹೋಗಲಾಗದವರಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಇದ್ದೇ ಇವೆ. ಹುಬ್ಬಳ್ಳಿಯಿಂದ ಬಾದಾಮಿಗೆ ನೂರು ಕಿಲೋಮೀಟರ್ ಚಿಲ್ಲರೆ. ನಸುಕಿನಲ್ಲಿ ಹೊರಟರೆ ಮೂರೂ ಊರು ಮುಗಿಸಿ ರಾತ್ರಿ ಮನೆ ಸೇರಬಹುದು. ಟ್ರಾವೆಲ್ಸ್‌ನವರು ಹೇಳುವುದೂ ಅದನ್ನೇ: "ಒಂದ ದಿನದಾಗ ಎಲ್ಲಾ ತೋರಸ್ತೀವ್ರಿ."

ತೋರಿಸುತ್ತಾರೆ, ನಿಜ. ಆದರೆ ಆ ಊರುಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ ಎಂಬುದನ್ನು ಬಸ್ಸಿನಲ್ಲಿ ಯಾರೂ ಹೇಳುವುದಿಲ್ಲ.

ಮಕ್ಕಳೇ, ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಹೇಗೆ ಬಂತು ಗೊತ್ತೇ? ಹಿಂದೆ ಆ ಹೆಸರಿನವರೊಬ್ಬರು ಅದರಲ್ಲಿ ವಾಸವಾಗಿದ್ದರಂತೆ. ಐಹೊಳೆಯಲ್ಲಿ ಇರುವ ಗುಡಿಗಳು ನೂರಕ್ಕೂ ಹೆಚ್ಚು. ಅವುಗಳ ಮಗ್ಗುಲಲ್ಲೇ ಮನೆ, ದನದ ಕೊಟ್ಟಿಗೆ, ಕುಳ್ಳು ಒಟ್ಟಿದ ಹಿತ್ತಲು. ಗುಡಿ ನೋಡಲು ಹೋದವರು ಅರ್ಧ ದಾರಿಯನ್ನು ಯಾರದೋ ಅಂಗಳದ ಮುಂದೆಯೇ ನಡೆಯಬೇಕು.

ಕಳೆದ ಡಿಸೆಂಬರ್‌ನಲ್ಲಿ ತಂಗಿಯ ಮಕ್ಕಳ ಜೊತೆ ನಾನೂ ಅಂಥದೊಂದು ಬಸ್ಸಿನಲ್ಲಿದ್ದೆ. ಊರ ಹೊರಗೆ ಜಾಗವಿದ್ದರೂ ಬಸ್ಸು ಓಣಿಯ ಬಾಯಿಯವರೆಗೆ ಬಂದು ನಿಂತಿತು. ಎಂಜಿನ್ ಬಂದ್ ಮಾಡಲಿಲ್ಲ. ನೀರಿನ ಕೊಡ ಹೊತ್ತು ಬಂದ ಹೆಣ್ಣುಮಗಳು ದಾರಿ ಬಿಡಲೆಂದು ಕಾದು ನಿಂತಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿಯ ಎದುರು ನಮ್ಮ ಹುಡುಗನೊಬ್ಬ ಮೊಬೈಲ್ ಹಿಡಿದ. ಅಜ್ಜಿ ತಲೆ ಎತ್ತದೆಯೇ ಅಂದಳು: "ಏ ತಮ್ಮಾ, ನಾ ಏನ ಗುಡಿ ಮ್ಯಾಲಿನ ಗೊಂಬಿ ಏನ? ಕೇಳಿ ತಗೀಬೇಕಿಲ್ಲೋ?"

ಗೈಡ್ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹುಡುಗನಿಗೆ ಬೈಯುವುದು ಸುಲಭ, ಆದರೆ ಬಸ್ಸಿನಲ್ಲಿ ಮೂರು ತಾಸು ಸಿನಿಮಾ ಹಾಡು ಹಾಕಿದವರು ಐದು ನಿಮಿಷ ಮೈಕಿನಲ್ಲಿ "ಕೇಳದೆ ಯಾರ ಫೋಟೋ ತೆಗೆಯಬೇಡಿ, ಯಾರ ಮನೆಯೊಳಗೂ ಇಣುಕಬೇಡಿ" ಎಂದು ಹೇಳಬಹುದಿತ್ತಲ್ಲ? ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರಿಗೂ ಇದೇ ಕಾಟ. ಅಲ್ಲಿಯ ಮಂಗಗಳ ಕಥೆಯಂತೂ ಬೇರೆಯೇ. ನಾವು ಬಾಳೆಹಣ್ಣು, ಕುರುಕುರೆ ಹಾಕಿ ನಕ್ಕು ಬರುತ್ತೇವೆ. ರುಚಿ ಹತ್ತಿದ ಮಂಗ ಮರುದಿನ ಊರವರ ಅಡುಗೆಮನೆಗೆ ನುಗ್ಗುತ್ತದೆ.

ಶೌಚದ ವಿಷಯ ಬರೆಯಲು ಸಂಕೋಚ, ಆದರೂ ಬರೆಯಬೇಕು. ಬಸ್ಸು ಹೊಲದ ಬದುವಿಗೆ ನಿಂತು ಐವತ್ತು ಮಂದಿ ಇಳಿದರೆ, ಆ ಹೊಲಕ್ಕೆ ಬೆಳಿಗ್ಗೆ ಕೆಲಸಕ್ಕೆ ಬರುವವರ ಪಾಡೇನು? ದಾರಿಯಲ್ಲಿ ಎಲ್ಲಿ ಶೌಚಾಲಯವಿದೆ, ನೀರಿದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳುವುದು ಪ್ರವಾಸ ನಡೆಸುವವರ ಕೆಲಸ. ನನ್ನ ಪ್ರಕಾರ ಡ್ರೈವರನಿಗೆ ಡೀಸೆಲ್ ಲೆಕ್ಕ ಕೊಡುವಷ್ಟೇ ಮುಖ್ಯ.

ಊಟದ ಮಾತೂ ಅಷ್ಟೇ. ಹುಬ್ಬಳ್ಳಿಯಿಂದಲೇ ಪಲಾವಿನ ಡಬ್ಬಿ, ಪ್ಲಾಸ್ಟಿಕ್ ತಟ್ಟೆ, ನೀರಿನ ಬಾಟಲಿ ಹೇರಿಕೊಂಡು ಹೋದರೆ ಆ ಊರಿಗೆ ಉಳಿಯುವುದು ಕಸ ಮಾತ್ರ. ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಕುಡಿಕೆಯ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಹಿಂದಿನ ದಿನವೇ "ನಾಳೆ ಇಷ್ಟು ಮಂದಿ ಬರ್ತೀವಿ" ಎಂದು ಹೇಳಿಟ್ಟರೆ ಅವರಿಗೂ ನಾಲ್ಕು ಕಾಸು, ಮಕ್ಕಳಿಗೂ ಬಿಸಿಲಲ್ಲಿ ತಂಪು ಊಟ.

ಇಟಲಿಯ ವೆನಿಸ್ ನಗರದಲ್ಲಿ 2024ರಿಂದ ಗೈಡ್ ಜೊತೆ ಹೋಗುವ ಗುಂಪಿಗೆ 25 ಮಂದಿಯ ಮಿತಿ ಹಾಕಿ, ಧ್ವನಿವರ್ಧಕ ನಿಷೇಧಿಸಿದ್ದಾರೆ. ಅಲ್ಲಿಯವರು ರೋಸಿಹೋಗಿದ್ದರು. ನಮ್ಮಲ್ಲಿ ಅಷ್ಟು ಜನಜಂಗುಳಿ ಇಲ್ಲದಿರಬಹುದು. ಆದರೆ ಓಣಿಗಳು ಅಷ್ಟೇ ಕಿರಿದು. ಹುಬ್ಬಳ್ಳಿಯಲ್ಲೇ ಬೇಕಾದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗಿ ನೋಡಿ, ಸುತ್ತ ಮನೆಗಳೇ. ಅಲ್ಲಿಗೆ ಒಮ್ಮೆಲೇ ನೂರು ಮಕ್ಕಳು ಕೂಗುತ್ತ ಬಂದರೆ ಹೇಗೆ? ಎರಡು ಬಸ್ಸಿನವರು ಬೇರೆ ಬೇರೆ ಹೊತ್ತಿಗೆ, ಚಿಕ್ಕ ಗುಂಪಾಗಿ ಹೋಗಬಹುದಲ್ಲ?

ಇದನ್ನೆಲ್ಲ ಪರಿಚಯದ ಟ್ರಾವೆಲ್ಸ್ ಮಾಲೀಕರೊಬ್ಬರ ಮುಂದೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಮೇಡಮ್ಮಾರ, ನೀವು ಹೇಳೂದು ಖರೆ. ಆದರ ಮೂರು ಊರು ಒಂದ ದಿನದಾಗ ಮಾಡಬೇಕಂದ್ರ ಓಡಬೇಕಾಗ್ತದ. ಎರಡ ಊರು ಅಂದ್ರ ಶಾಲಿಯವರು ಬ್ಯಾರೆಯವರ ಕಡೆ ಹೋಗ್ತಾರ. ಐವತ್ತು ರೂಪಾಯಿ ಹೆಚ್ಚಂದ್ರ ಪಾಲಕರು ಜಗಳಾ ತಗೀತಾರ."

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಯಾಕೆಂದರೆ ಆ ಪಾಲಕರು ನಾವೇ. ಈ ಸಲ ತಂಗಿಯ ಮಕ್ಕಳ ಶಾಲೆಯ ಪಾಲಕರ ಸಭೆಯಲ್ಲಿ ಕೂತು ಮಾತಾಡಿದೆವು. ಐಹೊಳೆ ಬಿಟ್ಟು ಬಾದಾಮಿ, ಪಟ್ಟದಕಲ್ಲು ಎರಡೇ ಊರು, ಊಟ ಬನಶಂಕರಿಯಲ್ಲಿ, ಬಸ್ಸು ಊರ ಹೊರಗೆ ಎಂದು ಬರೆದುಕೊಟ್ಟೆವು. ಮಾಲೀಕರು ಒಪ್ಪಿದರು. ತಲೆಗೆ ಅರವತ್ತು ರೂಪಾಯಿ ಹೆಚ್ಚಾಯಿತು. ಇಬ್ಬರು ಪಾಲಕರು ಇನ್ನೂ ಗೊಣಗುತ್ತಿದ್ದಾರೆ. ಐಹೊಳೆ ತಪ್ಪಿತೆಂದು ತಂಗಿಯ ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.